ಓವನ್ನಿನಲ್ಲಿ ಬೆಂದ ಬಿ.ಕಾಂ.

ನನ್ನ ದೊಡ್ಡಮ್ಮನಿಗೆ ‘ಬೇಡ’ ಎಂದು ಹೇಳಿ ಗೆದ್ದವರು ಮುಂಬಯಿಯ ಈ ಗೋರೆಗಾಂವಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವರು ಈಗಾಗಲೇ ಲೋಕಲ್ ರೈಲು ಹಿಡಿದು ದೂರದ ವಿರಾರಿಗೆ ಪರಾರಿಯಾಗಿರಬೇಕು!

ಮೀನಿನ ವಾಸನೆ ಬರುತ್ತದೆ ಎಂದು ಎದುರು ಮನೆಯವರು ಒಮ್ಮೆ ದೂರಿದರು. ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಮುಚ್ಚುತ್ತಿದ್ದರು. ದೊಡ್ಡಮ್ಮ ಮರುದಿನದಿಂದ ಬಾಗಿಲನ್ನೂ ತೆರೆದಿಟ್ಟು ಕಾವಲಿಯಲ್ಲಿ ಬಂಗುಡೆ ಕಾಯಿಸತೊಡಗಿದರು! “ಅರ್ಧ ವಾಸನೆ ಬಂದ್ರೆ ಬೇಜಾರಾಗ್ತದೆ ಮಾರಾಯ್ತಿ. ಪೂರ್ತಿ ಬರ್ಲಿ, ಹಸಿವಾಗ್ತದೆ.” ಮೂರನೇ ವಾರ ಎದುರು ಮನೆಯ ಯಜಮಾನರೇ ಬಾಗಿಲಲ್ಲಿ ನಿಂತು, “ಆಜ್ ಕ್ಯಾ ಬನಾಯಾ?” ಎಂದು ಇವತ್ತಿನ ಅಡುಗೆ ಏನೆಂದು ಕೇಳಿದರು.

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸು ದಾಟಿದವರಿಲ್ಲ. “ಹೆಣ್ಣಿಗೆ ಕಾಲೇಜು ಎಂತಕ್ಕೆ?” ಎಂದ ನೆಂಟರಿಗೆ ದೊಡ್ಡಮ್ಮನ ಉತ್ತರ ಒಂದೇ: “ಕಾಗದ ತಂದು ನಿಮ್ಮ ಮೂಗಿನ ಕೆಳಗೆ ಹಿಡೀತೇನೆ, ನೋಡಿ.” ಹಿಡಿದರು! ನೆಂಟರು ಮುಗಿದ ಮೇಲೆ ಗ್ಯಾಸ್ ತಂದವರು, ಮೀಟರ್ ನೋಡಲು ಬಂದವರು, ಎಲ್ಲರೂ ನನ್ನ ಬಿ.ಕಾಂ. ಸರ್ಟಿಫಿಕೇಟ್ ನೋಡಲೇಬೇಕು. ನಾನು ಆಫೀಸಿನಲ್ಲಿದ್ದಾಗ, ಓದು ಬಾರದ ದೊಡ್ಡಮ್ಮ ಅದರ ಮೇಲೆ ಬೆರಳಿಟ್ಟು, “ಇಗೋ, ನಮ್ಮ ಹುಡುಗಿಯ ಹೆಸರು” ಎನ್ನುತ್ತಿದ್ದರಂತೆ.

ಕೆಲಸ ಸಿಕ್ಕ ವರ್ಷ ಅವರಿಗೊಂದು ಓವನ್ ತಂದುಕೊಟ್ಟೆ. “ಕಾವಲಿಗೆ ಎಂತ ರೋಗ ಬಂದಿದೆ?” ಎಂದು ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಕೂರಿಸಿದರು. ನಾಲ್ಕು ವರ್ಷ! ನಾನೂ ಅವರ ಕೈಯಲ್ಲೇ ಬೆಳೆದವಳಲ್ಲವೆ? ಕಳೆದ ಭಾನುವಾರ ಹಠ ಹಿಡಿದೆ. ದೊಡ್ಡಮ್ಮ ಲಿಂಬೆ ತರಲು ಹೋದದ್ದೇ ತಡ, ಎರಡು ಪಾಪ್ಲೆಟ್ ಮೀನಿಗೆ ಗೀರು ಹಾಕಿ, ಮೆಣಸು, ಬೆಳ್ಳುಳ್ಳಿ, ಹುಣಸೆ ಅರೆದು ಹಚ್ಚಿ, ಮೊದಲು ಓವನ್ ಕಾಯಲಿ ಎಂದು ಕಸೂತಿ ಬಟ್ಟೆ ತೆಗೆದು ಗುಂಡಿ ತಿರುಗಿಸಿದೆ.

ಐದೇ ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮೀನು ಇನ್ನೂ ಹೊರಗಿದೆ; ಹಾಗಾದರೆ ಒಳಗೆ ಬೇಯುತ್ತಿರುವುದು ಯಾವುದು? ಆರಿಸಿ, ಬಾಗಿಲೆಳೆದೆ. ಒಂದು ಫೈಲು ಮುದುಡಿ ಬಿದ್ದಿತ್ತು. ಅದರೊಳಗೆ ನನ್ನ ಬಿ.ಕಾಂ., ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ! ಬೆಳಗಿನ ಕಾಲೇಜು ಮುಗಿಸಿ, ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ನಿಂತು ಸಂಪಾದಿಸಿದ ಕಾಗದ ಅದು.

“ಓವನ್ನಿನೊಳಗೆ ಯಾರಾದ್ರೂ ಸರ್ಟಿಫಿಕೇಟ್ ಇಡ್ತಾರಾ ದೊಡ್ಡಮ್ಮ?” ಲಿಂಬೆ ಹಿಡಿದು ಒಳಬಂದವರ ಮೇಲೆ ಕೂಗಿದೆ.

“ಮತ್ತೆ ಎಲ್ಲಿ ಇಡ್ಬೇಕಿತ್ತು? ಈ ಮನೆಯಲ್ಲಿ ಇಲಿ ನುಗ್ಗದ ಬಾಗಿಲು ಅದೊಂದೇ. ಮೀನಿಗಾದ್ರೆ ಕಾವಲಿ ಉಂಟು. ಇದಕ್ಕೆ ಎಂತ ಉಂಟು?”

ಬಾಯಿ ಜೋರಾಗಿಯೇ ಇತ್ತು. ಆದರೆ ಕಾಗದ ತೆಗೆದುಕೊಂಡು ಅದರ ಕಂದು ಅಂಚನ್ನು ಸೆರಗಿನಿಂದ ಒರೆಸಿದರು. ಕೆಳಗಿನ ಮೂಲೆಯಲ್ಲಿ ಬೆರಳಿಟ್ಟು ಮೆಲ್ಲಗೆ ಕೇಳಿದರು: “ನಿನ್ನ ಹೆಸರು... ಸುಡ್ಲಿಲ್ಲ ಅಲ್ವಾ?”

ಬೆರಳು ಇದ್ದದ್ದು ಕುಲಪತಿಗಳ ಸಹಿಯ ಮೇಲೆ. ಇಷ್ಟು ವರ್ಷ ಇಡೀ ಬಿಲ್ಡಿಂಗಿಗೆ ತೋರಿಸಿದ್ದು ಅದನ್ನೇ!

ಆ ಬೆರಳನ್ನು ಹಿಡಿದು ನಾಲ್ಕು ಸಾಲು ಮೇಲಕ್ಕೆ ತಂದೆ. “ಇಲ್ಲಿ, ದೊಡ್ಡಮ್ಮ. ಉಂಟು.”

ಬಗ್ಗಿ ನೋಡಿದರು. “ಇಷ್ಟು ಸಣ್ಣದಾ? ಅಷ್ಟು ಕಷ್ಟಪಟ್ಟು ಓದಿದವಳ ಹೆಸರನ್ನು ಹೀಗಾ ಬರೆಯೋದು? ಅವರಿಗೆ ನಾಚಿಕೆ ಇಲ್ವಾ?” ಮತ್ತೆ ನನ್ನತ್ತ ತಿರುಗಿ, “ಎಂತ ನೋಡ್ತೀ? ಮೀನು ಇಡು.”

ಇಟ್ಟೆ. ಪಾಪ್ಲೆಟ್ ಬೇಯುವವರೆಗೂ ಆ ಬೆರಳನ್ನು ಅವರು ಅಲ್ಲಿಂದ ತೆಗೆಯಲಿಲ್ಲ.