ಬೇಸ್‌ಬಾಲ್ ಸಾಹೇಬರ ಬೈಗುಳ

ಕೆಲವರ ಹೆಗಲೇರಿ ಶನಿ ಕೂರುತ್ತಾನಂತೆ. ನಮ್ಮ ಸಾಹೇಬರ ಹೆಗಲೇರಿ ಕೂತದ್ದು ಫಜೀತಿ. ಅವರು ಎಲ್ಲಿ ಕುರ್ಚಿ ಹಾಕಿಕೊಂಡರೂ ಅಲ್ಲೊಂದು ಪ್ರಸಂಗ ನಡೆದೇ ನಡೆಯುತ್ತಿತ್ತು. ಧಾರವಾಡದ ಕಡೆಯವರು, ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಆ ಕಚೇರಿಗೊಂದು ಬೇಸ್‌ಬಾಲ್ ತಂಡವಿತ್ತು. ತಂಡಕ್ಕೆ ಮ್ಯಾನೇಜರ್ ಯಾರಾಗಬೇಕೆಂದು ಮೀಟಿಂಗ್ ನಡೆದ ದಿನ ಇವರು ರಜೆಯಲ್ಲಿದ್ದರು. ರಜೆ ಮುಗಿಸಿ ಬರುವಷ್ಟರಲ್ಲಿ ಮ್ಯಾನೇಜರ್ ಆಗಿದ್ದರು.

ನಾವು ಮೂವರು ಅವರ ಅಭಿಮಾನಿಗಳು. ಮಟ್ಟಾಂಚೇರಿಯ ಬ್ಯಾಂಕಿನಲ್ಲಿರುವ ನಾನು, ತೆರಿಗೆ ಇಲಾಖೆಯ ಒಬ್ಬ ಮಂಗಳೂರಿನವರು, ಐಟಿ ಪಾರ್ಕಿನಲ್ಲಿರುವ ಒಬ್ಬ ಬೆಂಗಳೂರಿನ ಹುಡುಗಿ. ಆಟ ನಮಗೆ ಅಷ್ಟಕ್ಕಷ್ಟೇ. ನಾವು ಹೋಗುತ್ತಿದ್ದುದು ಸಾಹೇಬರು ತಮ್ಮ ಆಟಗಾರರಿಗೆ ಬೈಯುವುದನ್ನು ಕೇಳಲು. ಕೊಚ್ಚಿಯಲ್ಲಿ ಕನ್ನಡ ಮಾತಾಡುವವರು ಸಿಗುತ್ತಾರೆ, ಕನ್ನಡದಲ್ಲಿ ಬಾಯಿತುಂಬ ಬೈಯುವವರು ಸಿಗುವುದಿಲ್ಲ. ಆಟಗಾರರೆಲ್ಲ ಮಲಯಾಳಿಗಳು. ಒಂದಕ್ಷರ ತಿಳಿಯದಿದ್ದರೂ ಅವರು ನಗುನಗುತ್ತ ಬೈಸಿಕೊಳ್ಳುತ್ತಿದ್ದರು. ಬೈಗುಳದ ಸವಿ ಪೂರ್ತಿ ನಮ್ಮ ಪಾಲಿಗೆ.

ಸಾಹೇಬರು ಈಗಿಲ್ಲ. ಅವರನ್ನು ಜನ ತಪ್ಪಾಗಿ ನೆನಪಿಟ್ಟುಕೊಂಡುಬಿಡುತ್ತಾರಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಸೊಳ್ಳೆ

ಬೇಸ್‌ಬಾಲ್‌ನಲ್ಲಿ ಓಡುವವನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಯಾವಾಗ ಓಡಬೇಕೆಂದು ಮ್ಯಾನೇಜರ್ ಕೂತಲ್ಲಿಂದಲೇ ಸನ್ನೆ ಮಾಡುತ್ತಾನೆ. ಟೋಪಿ ಮುಟ್ಟಿದರೆ ನಿಲ್ಲು, ಕಿವಿ ಮುಟ್ಟಿದರೆ ಓಡು. ಸಾಹೇಬರು ಇದನ್ನು ಶ್ರದ್ಧೆಯಿಂದ ಕಲಿಸಿದ್ದರು. ಆದರೆ ಕೊಚ್ಚಿಯ ಸೊಳ್ಳೆಗಳಿಗೆ ಕಲಿಸಿರಲಿಲ್ಲ.

ಅಂಬಲಮುಗಳ್ ಮೈದಾನದಲ್ಲಿ ಒಂದು ಸಂಜೆ ಸಾಹೇಬರು ಕಿವಿಯ ಮೇಲೆ ಪಟ್ಟೆಂದು ಹೊಡೆದುಕೊಂಡರು. ಚೆಂಡು ಎದುರಾಳಿಯ ಕೈಯಲ್ಲೇ ಇತ್ತು. ನಮ್ಮವನು ಹಿಂದೆಮುಂದೆ ನೋಡದೆ ಓಡಿ, ನೇರ ಹೋಗಿ ಅವನ ಕೈಗೇ ಸಿಕ್ಕಿಬಿದ್ದ.

"ಏ ಹುಚ್ಚಪ್ಯಾಲಿ, ನಾ ಸೊಳ್ಳಿ ಹೊಡಕೊಂಡ್ರ ನೀ ಯಾಕ ಓಡ್ತೀ?"

ಅಂದಿನಿಂದ ಸಾಹೇಬರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರತೊಡಗಿದರು. ಸೊಳ್ಳೆಗಳಿಗೆ ಹಬ್ಬ. ನೋಡಲಾರದೆ ನಾವೇ ಒಂದು ಉಪಾಯ ಹೇಳಿದೆವು: ಸರದಿ ಬರದ ಒಬ್ಬ ಆಟಗಾರ ಪಕ್ಕದಲ್ಲಿ ಕೂತು ಸಾಹೇಬರ ಪರವಾಗಿ ಸೊಳ್ಳೆ ಹೊಡೆಯಲಿ. ಮುಂದಿನ ಪಂದ್ಯದಲ್ಲಿ ಹಾಗೇ ಮಾಡಿದರು. ಅವನು ಮೂರನೇ ಸಲ ಸಾಹೇಬರ ಕೆನ್ನೆಗೆ ಬಾರಿಸಿದಾಗ ಆಟವೇ ನಿಂತಿತು. ಎದುರು ತಂಡದವರೆಲ್ಲ ಓಡಿ ಬಂದು ಜಗಳ ಬಿಡಿಸಿದರು.

ಗುಪ್ತ ಭಾಷೆ

ಸನ್ನೆಯ ಸಹವಾಸವೇ ಬೇಡವೆಂದು ಸಾಹೇಬರು ಕನ್ನಡಕ್ಕೆ ಇಳಿದರು. ಓಡು, ನಿಲ್ಲು, ಹಿಂದ ಸರಿ, ಮೆಲ್ಲಕ ಒಗಿ ಎಂದು ಆಟಗಾರರಿಗೆಲ್ಲ ಬಾಯಿಪಾಠ ಮಾಡಿಸಿದರು. ಎದುರಿನವರಿಗೆ ಏನು ತಿಳಿಯಬೇಕು?

ತಿರುವನಂತಪುರದ ತಂಡದ ಮೇಲೆ ಮೊದಲ ಪ್ರಯೋಗ. ಆ ತಂಡವನ್ನು ಒಮ್ಮೆಯಾದರೂ ಸೋಲಿಸಬೇಕೆಂಬುದು ಸಾಹೇಬರ ಬಹುದಿನದ ಆಸೆ. ನಾವು ಮೂವರೂ ರೈಲು ಹತ್ತಿ ಹೋಗಿದ್ದೆವು. ಏನು ಮಾಯವೋ, ಸಾಹೇಬರು "ಓಡು" ಅಂದದ್ದೇ ತಡ, ನಮ್ಮವನು ಕದಲುವ ಮೊದಲೇ ಎದುರಾಳಿಗಳು ಅಲ್ಲಿ ಹೋಗಿ ನಿಂತಿರುತ್ತಿದ್ದರು. ಹೀನಾಯವಾಗಿ ಸೋತೆವು. ಆಟ ಮುಗಿದ ಮೇಲೆ ಎದುರು ತಂಡದಲ್ಲಿ ಚೆಂಡು ಹಿಡಿಯಲು ಕೂತಿದ್ದ ಹುಡುಗ ಮುಖಗವಸು ತೆಗೆದು ಸಾಹೇಬರ ಹತ್ತಿರ ಬಂದ.

"ನಮಸ್ಕಾರ ಸರ್. ನಂದು ಕಾಸರಗೋಡು. ನಿಮ್ಮ ಕನ್ನಡ ಕೇಳಿ ಭಾರೀ ಖುಷಿ ಆಯ್ತು."

ಈಗ ಶುರುವಾಗುತ್ತದೆ ಎಂದು ನಾವು ಕಿವಿ ನಿಮಿರಿಸಿ ನಿಂತೆವು. ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ, "ಚಾ ಕುಡೀತೀ ಏನಪಾ?" ಎಂದು ಕರೆದುಕೊಂಡು ಹೊರಟೇಬಿಟ್ಟರು. ಸೋತ ತಂಡ ಮೈದಾನದಲ್ಲಿ ಕಾದು ಕೂತಿತು. ವಾಪಸು ರೈಲಿನಲ್ಲಿ ಮಂಗಳೂರಿನವರು ಸಮಾಧಾನ ಹೇಳಲು ಹೋದರೆ ಸಾಹೇಬರದೇ ಉಲ್ಟಾ ಸಮಾಧಾನ: "ಸೋತದ್ದು ಇರ್ಲಿ ಬಿಡ್ರಿ. ನಮ್ಮ ಹುಡುಗ್ರು ತಿಂಗಳಗಟ್ಟಲೆ ಕಲಿತ್ರೂ ನಾ ಹೇಳಿದ್ದು ತಿಳೀಲಿಲ್ಲ. ಅಂವಗ ಒಂದ ದಿನದಾಗ ಎಲ್ಲಾ ತಿಳೀತು!"

ಆ ತಂಡವನ್ನು ಸೋಲಿಸುವ ಯೋಗ ಅವರಿಗೆ ಕೊನೆಗೂ ಬರಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲ ವಾಕ್ಯ

ನನ್ನ ಮಗಳು ಕೊಚ್ಚಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಮೈಸೂರಿನಿಂದ ಬಂದ ನನ್ನ ಮಾವನವರಿಗೆ ಅದೇ ಕೊರಗು, ಮೊಮ್ಮಗಳು ಒಂದು ಮಾತೂ ಕನ್ನಡದಲ್ಲಿ ಆಡಲಿಲ್ಲವೆಂದು. ಒಂದು ಬೆಳಗ್ಗೆ ಅವರು ಎಡವಿ ಕಾಫಿ ಲೋಟ ಬೀಳಿಸಿದರು. ಮಗಳು ಸೊಂಟದ ಮೇಲೆ ಕೈಯಿಟ್ಟು ಸ್ಪಷ್ಟವಾಗಿ ಕೇಳಿದಳು:

"ಕಣ್ಣೇನು ಕಿಸೇದಾಗ ಇಟಗೊಂಡು ಅಡ್ಡಾಡ್ತೀಯೇನು?"

ಭಾನುವಾರ ಅವಳನ್ನು ಮೈದಾನಕ್ಕೆ ಕರೆದೊಯ್ದದ್ದರ ಫಲ. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ವಿಷಯ ತಿಳಿದ ಸಾಹೇಬರು ನಾಚಿ ನೀರಾಗಿ, ಒಂದು ಪೊಟ್ಟಣ ನೇಂದ್ರ ಬಾಳೆಯ ಚಿಪ್ಸ್ ಹಿಡಿದು ಕ್ಷಮೆ ಕೇಳಲು ಮನೆಗೇ ಬಂದರು. ಮಾವನವರು ಅವರ ಎರಡೂ ಕೈ ಹಿಡಿದುಕೊಂಡರು. "ಕ್ಷಮೆ ಎಲ್ಲಾ ಯಾಕೆ ಸ್ವಾಮಿ? ನಾನು ಊರಿಗೆ ಹೋಗೋದರೊಳಗೆ ಇನ್ನೂ ನಾಲ್ಕು ಕಲಿಸಿಬಿಡಿ."

ಸಂತಾಪ

ಸಾಹೇಬರು ರಜೆ ಹಾಕಿ ತಿರುವನಂತಪುರಕ್ಕೆ ಹೋದರು. ಆಸ್ಪತ್ರೆಗೆ ಹತ್ತಿರವಾಗಲೆಂದು ಅಲ್ಲಿನ ಉಳ್ಳೂರಿನಲ್ಲಿ ಮನೆ ಮಾಡಿದ್ದು, ಕಾಯಿಲೆ ಇಷ್ಟು ದೊಡ್ಡದಿತ್ತು ಎಂಬುದು, ಎಲ್ಲ ಮುಗಿದ ಮೇಲೆಯೇ ನಮಗೆ ಗೊತ್ತಾದದ್ದು. ಒಂದು ಸಲವೂ ಹೋಗಿ ನೋಡಲಾಗಲಿಲ್ಲ. ಆ ನೋವು ಸುಮ್ಮನೆ ಹೋಗುವಂಥದ್ದಲ್ಲ.

ಕಚೇರಿಯ ಸಂತಾಪ ಸಭೆಗೆ ಹೋದೆವು. ಮೇಲಧಿಕಾರಿ ಎದ್ದು ನಿಂತು, "ಅವರು ಮಿತಭಾಷಿ, ಮೃದುಭಾಷಿ, ಯಾರ ಮೇಲೂ ದನಿ ಎತ್ತಿದವರಲ್ಲ" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಹಿಂದಿನ ಸಾಲಿನಲ್ಲಿದ್ದ ತಂಡದ ಹುಡುಗರು ತಲೆ ಬಗ್ಗಿಸಿದ್ದರು. ಅವರ ಭುಜಗಳು ಕುಲುಕುತ್ತಿದ್ದುದನ್ನು ಕಂಡು ಮೇಲಧಿಕಾರಿ ಗದ್ಗದಿತರಾಗಿ, "ನೋಡಿ, ಹುಡುಗರು ಹೇಗೆ ಅಳುತ್ತಿದ್ದಾರೆ" ಎಂದರು.

ಉಳ್ಳೂರಿನಲ್ಲಿ

ಅವರ ಹೆಂಡತಿಗಾದರೂ ನಿಜ ಹೇಳಿ ಬರೋಣ ಎಂದು ಒಂದು ಭಾನುವಾರ ಉಳ್ಳೂರಿಗೆ ಹೋದೆವು. ಆಕೆ ನಮ್ಮನ್ನು ಕೂರಿಸಿ ಎಲ್ಲ ಕೇಳಿಸಿಕೊಂಡು, "ನಮ್ಮನಿಯವ್ರು ಬೈತಿದ್ರಾ? ಸುಳ್ಳ ಹೇಳಬ್ಯಾಡ್ರಿ" ಎಂದರು.

ಮಂಗಳೂರಿನವರು ಸಂಕೋಚದಿಂದ ಗಂಟಲು ಸರಿಮಾಡಿಕೊಂಡು, ಚೆಂಡು ಕೈಬಿಟ್ಟವನಿಗೆ ಸಾಹೇಬರು ಅನ್ನುತ್ತಿದ್ದುದನ್ನು ಸಾಹೇಬರ ದನಿಯಲ್ಲೇ ಅಂದು ತೋರಿಸಿದರು: "ನಿನ್ನ ಸಂತಿಗೆ ಕಳಿಸಿದ್ರ ಚೀಲ ಮನಿಗೆ ಬರತೈತಿ, ಬದನಿಕಾಯಿ ದಾರ್ಯಾಗ ಉಳೀತಾವ!"

ಆಕೆಯ ಕಣ್ಣು ಅರಳಿತು. "ಅಯ್ಯ ಶಿವನ, ಅದು ನಂದು! ಬದನಿಕಾಯಿ ಚೆಲ್ಲಿ ಬಂದಾಗ ನಾನ ಅವ್ರಿಗೆ ಅಂದಿದ್ದು!"

ನಾವು ಇನ್ನೊಂದು ಹೇಳಿದೆವು. ಅದೂ ಆಕೆಯದೇ. ಕಿಸೆಯಲ್ಲಿಟ್ಟ ಕಣ್ಣೂ ಆಕೆಯದೇ. "ಮುಂಜಾನೆ ನನ್ನ ಕಡೆ ಬೈಸಿಕೊಂಡು ಸಂಜಿಮುಂದ ಒಯ್ದು ಹಂಚ್ತಿದ್ರೇನು!" ಎಂದು ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು.

"ಹಾಗಾದ್ರೆ ನಾವಿಷ್ಟು ದಿನ ಯಾರ ಫ್ಯಾನ್ಸ್ ಆಗಿದ್ವಿ?" ಎಂದಳು ಬೆಂಗಳೂರಿನ ಹುಡುಗಿ.

ಆಕೆಯ ನಗು ಅಲ್ಲಿಗೇ ನಿಂತಿತು. "ಮನ್ಯಾಗ ನಾ ಎಷ್ಟ ಅಂದ್ರೂ ಹೂಂ ಅಂತಿದ್ದಿಲ್ಲ, ಊಹೂಂ ಅಂತಿದ್ದಿಲ್ಲ. ನನ್ನ ಮಾತು ಕಿವಿಗೇ ಹಾಕ್ಕೊಳ್ಳೋದಿಲ್ಲ ಅಂತ ತಿಳಿದಿದ್ದೆ. ಒಂದೂ ಬಿಡದ ಕೇಳ್ಯಾರಲ್ಲ…" ಎಂದು ಎದ್ದು ಒಳಗೆ ಹೋದರು.

ಆಕೆಯನ್ನು ಅಳಿಸಿಬಿಟ್ಟೆವಲ್ಲ, ಇನ್ನು ಹೊರಡುವುದೇ ಸರಿ ಎನಿಸಿತು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಎನ್ನಬಾರದಲ್ಲ. ಹಿರಿಯರು ಹೇಳಿಕೊಟ್ಟಂತೆ ಮೂವರೂ ಸದ್ದಿಲ್ಲದೆ ಎದ್ದು, ಚಪ್ಪಲಿ ಮೆಟ್ಟಿ, ರಸ್ತೆಗೆ ಬಂದು ಆಟೊ ನಿಲ್ಲಿಸಿದೆವು. ಹಿಂದಿನಿಂದ ಗೇಟು ಧಡಾರೆಂದಿತು. ಆಕೆ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು.

"ಏನ್ ಮಂದಿ ರೀ ನೀವು! ಅಲ್ಲಿ ಉಪ್ಪಿಟ್ಟಿಗೆ ರವಾ ಹುರದೇನಿ, ಇಲ್ಲಿ ಕಳ್ಳರಂಗ ಕಾಲ್ ಕಿತ್ತೀರಿ! ಬುದ್ಧಿಯೇನು ಅಡವಿಟ್ಟು ಬಂದೀರೇನು? ಬರ್ರಿ ಒಳಗ!"

ಸಾಹೇಬರ ದನಿಯ ಅದೇ ಏರು, ಅದೇ ಇಳಿತ. ಮೂವರೂ ರಸ್ತೆಯ ಮಧ್ಯೆ ನಿಂತುಬಿಟ್ಟೆವು. ಮಂಗಳೂರಿನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಟೊದವನು ಗಾಬರಿಯಿಂದ ಮಲಯಾಳದಲ್ಲಿ ಕೇಳಿದ: "ಏನು ಚೇಟ್ಟಾ, ಜಗಳವಾ? ಬೇಗ ಹತ್ತಿ, ಓಡಿಸಿಬಿಡ್ತೀನಿ."

"ನೀನು ಹೋಗಪ್ಪ," ಎಂದೆ. "ನಾವು ಇನ್ನೂ ಸ್ವಲ್ಪ ಬೈಸಿಕೊಳ್ಳಬೇಕು."