ಹಾಲಿಗೆ ಬೇಕಾದ್ದೆಲ್ಲ ಸಿಗುತ್ತದೆ

ಪಾಂಡವಪುರದ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಮರಗೆಲಸದ ಅಂಗಡಿ. ನೇಗಿಲು, ಬಾಗಿಲು, ಮಂಚ ಮಾಡಿಕೊಂಡಿದ್ದಷ್ಟು ದಿನ ನಗುವಂಥದ್ದೇನೂ ನನಗೆ ಗಂಟುಬಿದ್ದಿರಲಿಲ್ಲ. ತೊಂಬತ್ತರ ದಶಕದಲ್ಲಿ ಮನೆಮನೆಗೂ ಕಲರ್ ಟಿವಿ ಬಂತು ನೋಡಿ, ಪಡಸಾಲೆ ಅನ್ನುತ್ತಿದ್ದವರೆಲ್ಲ ‘ಹಾಲು’ ಅನ್ನತೊಡಗಿದರು. ಅದು ನೋಡೋಕೂ ಚೆಂದ ಇರಬೇಕು, ಮನೆ ಮಂದಿಗೆಲ್ಲ ಅನುಕೂಲವೂ ಆಗಬೇಕು. ಅವತ್ತಿನಿಂದ ಇಂಥವು ಒಂದರ ಹಿಂದೊಂದು ನಡೆಯುತ್ತಲೇ ಇವೆ.

ಬೋರ್ಡು

ಸೋಫಾ, ಶೋಕೇಸು ಮಾಡೋ ಹೊಸ ಕೆಲಸ ಹಿಡಿದ ಹುರುಪಿನಲ್ಲಿ ಅಂಗಡಿ ಮುಂದೆ ದಪ್ಪಕ್ಷರದ ಬೋರ್ಡು ಬರೆಸಿದೆ: ‘ಇಲ್ಲಿ ನಿಮ್ಮ ಹಾಲಿಗೆ ಬೇಕಾದ್ದೆಲ್ಲ ಸಿಗುತ್ತದೆ’. ಮಾರನೆಯ ಬೆಳಗ್ಗೆ ಡೈರಿಗೆ ಕ್ಯಾನು ಹಿಡಿದು ಹೊರಟಿದ್ದ ಹೆಂಗಸೊಬ್ಬರು ನಿಂತು ಅದನ್ನು ಓದಿದರು. ಖುಷಿಯಿಂದ ಒಳಗೆ ಕರೆದೆ.

“ಏನ್ ಬೇಕಿತ್ತಕ್ಕಾ?”

“ಒಸಿ ಹೆಪ್ಪು ಕೊಡಪ್ಪ, ಮನೇಲಿ ಮುಗ್ದೋಗದೆ.”

ಒರಗು

ದೇವಲಾಪುರದ ಕಡೆ ಒಬ್ಬ ಯಜಮಾನರು. ನಾಗಮಂಗಲದಲ್ಲಿ ಕೆಲಸಕ್ಕಿದ್ದ ಅವರ ಮಗ ಮನೆಗೊಂದು ಸೋಫಾ ಮಾಡಿಸಿದ. ತೇಗದ ಮರ, ಕೆಂಪು ರೆಕ್ಸಿನ್ನು, ಮೊಳದಷ್ಟು ದಪ್ಪದ ಸ್ಪಂಜು. ಹದಿನೈದು ದಿನ ಬಿಟ್ಟು, ಹೇಗಿದೆ ನೋಡೋಣ ಅಂತ ಹೋದೆ. ಸೋಫಾದ ಮೇಲೆ ಬೆಕ್ಕು ಮಲಗಿತ್ತು. ಯಜಮಾನರು ನೆಲದ ಮೇಲೆ ಕೂತು, ಸೋಫಾಕ್ಕೆ ಬೆನ್ನು ಕೊಟ್ಟು ಎಲೆಅಡಿಕೆ ಹಾಕುತ್ತಿದ್ದರು.

“ಯಾಕ್ ಯಜಮಾನ್ರೇ, ಮ್ಯಾಲೆ ಕೂತ್ಕಳದಿಲ್ವಾ?” ಅಂದೆ.

“ಕೂತಿದ್ದೆ ಕಣಪ್ಪಾ, ಒಂದಿನ. ಸೊಂಟ ಒಳಕ್ಕೋಗ್ಬುಡ್ತು, ಮಂಡಿ ಮ್ಯಾಕೆ ಬಂದ್ಬುಡ್ತು. ಇಬ್ರು ಹಿಡ್ಕಂಡು ಎತ್ತಿದ್ರು.”

ನನ್ನ ಮುಖ ಸಪ್ಪಗಾದದ್ದು ಕಂಡು ಅವರಿಗೇ ಅಯ್ಯೋ ಅನ್ನಿಸಿರಬೇಕು. ಹೆಗಲು ತಟ್ಟಿ ಹೇಳಿದರು: “ಬೇಜಾರ್ ಮಾಡ್ಕಬ್ಯಾಡ ಬುಡು. ಒರಗಕ್ಕೆ ಇಷ್ಟು ಮೆತ್ತಗಿರೋ ಗ್ವಾಡೆ ನಮ್ಮೂರಲ್ಲಿ ಇನ್ಯಾರ ಮನೇಲೂ ಇಲ್ಲ.”

ಬೀಗ

ಕೆ.ಆರ್. ಪೇಟೆಯ ಮೇಷ್ಟ್ರೊಬ್ಬರಿಗೆ ಹಾಲಿಗೂ ಊಟದ ಕೋಣೆಗೂ ನಡುವೆ ಗೋಡೆಯ ಬದಲು ಮರದ ಬೀರು ಬೇಕಿತ್ತು. ಅದರೊಳಗೆ ಟಿವಿ. ಹಾಲಿನ ಕಡೆ ಬಾಗಿಲು, ಬಾಗಿಲಿಗೆ ಬೀಗ. “ವಾರ್ತೆ ಬಿಟ್ಟು ಬೇರೇನೂ ನೋಡಬಾರದು. ಮಕ್ಕಳ ಓದು ಹಾಳಾಗುತ್ತೆ” ಅಂದರು. ಬೀಗದ ಕೈ ಅವರ ಜನಿವಾರಕ್ಕೇ ಕಟ್ಟಿದಷ್ಟು ಭದ್ರ. ಸ್ಕೂಲಿಗೂ ಜೊತೆಗೇ ಹೋಗುತ್ತಿತ್ತು. ವೈರು ಸರಿಮಾಡೋಕೆ ಬೇಕಾಗುತ್ತೆ ಅಂತ ಊಟದ ಕೋಣೆ ಕಡೆಗಿದ್ದ ಹಿಂಬದಿಯ ಹಲಗೆಗೆ ಮಾತ್ರ ನಾನು ಎರಡೇ ಸ್ಕ್ರೂ ಹಾಕಿದ್ದೆ.

ತಿಂಗಳೊಪ್ಪತ್ತಿನಲ್ಲಿ ಒಂದು ಸಂಜೆ ಮೇಷ್ಟ್ರು ವಾರ್ತೆಗೆಂದು ಬೀಗ ತೆಗೆದರೆ, ಟಿವಿ ಅವರಿಗೆ ಬೆನ್ನು ತಿರುಗಿಸಿ ಕೂತಿದೆ! ಬೆತ್ತ ಹುಡುಕುತ್ತಾ ಮಕ್ಕಳ ಮೇಲೆ ಕೂಗಾಡತೊಡಗಿದರು. ಅಡುಗೆ ಮನೆಯಿಂದ ಹೆಂಡತಿಯ ದನಿ ಬಂತು:

“ಮಕ್ಳನ್ಯಾಕೆ ಬೈತೀರಿ? ವಾರ್ತೆ ಮುಗಿದ್ಮೇಲೆ ಮತ್ತೆ ಇತ್ತಾಗೇ ತಿರುಗಿಸಿಡಿ. ಮಧ್ಯಾಹ್ನದ ಧಾರಾವಾಹಿ ಹೊತ್ತಿಗೆ ಒಬ್ಬಳೇ ಎತ್ತಿ ಎತ್ತಿ ನನಗೆ ರಟ್ಟೆ ನೋವು.”

ದಿವಾನು

ಶ್ರೀರಂಗಪಟ್ಟಣದಲ್ಲಿ ಗುಮಾಸ್ತರೊಬ್ಬರು ಹಳೇ ಕಾಲದ ಬಾಡಿಗೆ ಮನೆಯಲ್ಲಿದ್ದರು. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಬಾಗಿಲು. ಆ ಹಾಲಿನಲ್ಲೇ ಕೂತು, ಕೆಳಗೆ ಪೆಟ್ಟಿಗೆ ಇರುವ ದೊಡ್ಡ ದಿವಾನು ಮಾಡಿಕೊಟ್ಟೆ. ಸಂದಿಗೆ ಸಂದಿ ಕೂರಿಸಿ ಅಂಟು ಹಾಕಿದ್ದೆ. ಅವರ ಹೆಂಡತಿಗೆ ಅದರ ಮೇಲೆ ಪ್ರಾಣ. ಆರು ತಿಂಗಳಿಗೇ ನಾಗಮಂಗಲಕ್ಕೆ ವರ್ಗವಾಯಿತು. ದಿವಾನು ಬಾಗಿಲಲ್ಲಿ ಹೋಗಲಿಲ್ಲ. ಅಡ್ಡ ಮಾಡಿದೆವು, ಉದ್ದ ಮಾಡಿದೆವು. ಬಿಚ್ಚಿದರೆ ಬರೀ ಸೌದೆ ಅಂದೆ. ಮನೆ ಓನರು ಗೋಡೆ ಮುಟ್ಟಬೇಡಿ ಅಂದರು. ಕೊನೆಗೆ ಹೆಂಡತಿಯೇ ತೀರ್ಮಾನ ಮಾಡಿದರು: “ನೀವು ಓಡಾಡಿ. ನಾನೂ ದಿವಾನೂ ಇಲ್ಲೇ ಇರ್ತೀವಿ.”

ಆಮೇಲೆ ಗುಮಾಸ್ತರು ನನ್ನ ಕಣ್ಣಿಗೆ ಬೀಳುತ್ತಿದ್ದುದು ಪಾಂಡವಪುರದ ಸ್ಟ್ಯಾಂಡಿನಲ್ಲೇ, ತುಂಬಿದ ಬಸ್ಸಿನ ಕಂಬಿ ಹಿಡಿದುಕೊಂಡು. ಒಂದು ದಿನ ಕಿಟಕಿಯಿಂದಲೇ ಕೂಗಿದರು: “ಆಚಾರ್ರೆ, ಮೂರು ವರ್ಷದಿಂದ ನಿಂತೇ ಓಡಾಡ್ತಿದ್ದೀನಿ ಕಣ್ರೀ, ನೀವು ಕೂರಕ್ಕೆ ಮಾಡ್ಕೊಟ್ರಲ್ಲ, ಅದಕ್ಕೆ!”

ಪ್ಲಾಸ್ಟಿಕ್ಕು

ಚಿನಕುರಳಿಯ ಗೌಡರೊಬ್ಬರ ಮಗಳನ್ನು ಎರಡು ಕಡೆಯವರು ನೋಡಿ ಹೋಗಿ ಉತ್ತರವೇ ಕೊಟ್ಟಿರಲಿಲ್ಲ. ಮನೆ ಹಳೇದಾಗಿ ಕಾಣುತ್ತೆ, ಅದಕ್ಕೇ ಹೀಗಾಗಿದ್ದು ಅಂತ ಗೌಡರು ಹಾಲನ್ನು ಹೊಸದು ಮಾಡಿಸಿದರು. ಶೋಕೇಸು, ಕರ್ಟನ್ನು, ಸೋಫಾ. ಮೂರನೆಯವರು ಗೋವಿಂದನಹಳ್ಳಿ ಕಡೆಯಿಂದ ಬರುವ ದಿನ ನಾನು ಶೋಕೇಸಿನ ಬಾಗಿಲು ಸರಿಮಾಡುತ್ತಾ ಅಲ್ಲೇ ಇದ್ದೆ.

“ಗೌಡ್ರೇ, ಸೋಫಾದ ಪ್ಲಾಸ್ಟಿಕ್ ಕವರ್ ತೆಗೀರಿ” ಅಂದೆ.

“ಇರ್ಲಿ ಬುಡ್ಲಾ. ಕಲ್ಲಿನ ಲಾರಿ ಓಡಾಡೋ ರೋಡು, ಧೂಳು ಕೂತ್ಕತದೆ.”

ಬೀಗರಾಗಬೇಕಾದವರು ಬಂದರು. ಹುಡುಗನ ಅಪ್ಪ ಗಿರಿಜಾ ಮೀಸೆಯ ಭಾರೀ ಆಳು. ಎಲ್ಲರಿಗೂ ಕೈಮುಗಿದು, ಗಾಂಭೀರ್ಯದಿಂದ ಸೋಫಾದ ಮೇಲೆ ಕೂತರು.

‘ಪುರ್ರ್ರ್’ ಅಂತು.

ಎಲ್ಲರೂ ಅತ್ತ ತಿರುಗಿದರು. ತಮ್ಮದಲ್ಲ ಅಂತ ತೋರಿಸಲು ಅವರು ಸ್ವಲ್ಪ ಅತ್ತ ಸರಿದರು. ಈ ಸಲ ಇನ್ನೂ ಜೋರಾಗಿ ಬಂತು. ಅದೇ ಹೊತ್ತಿಗೆ ಕಾಫಿ ತಟ್ಟೆ ಹಿಡಿದು ಬಂದ ಹುಡುಗಿ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟಳು. ಲೋಟಗಳೆಲ್ಲ ಗಲಗಲ ಅಂದವು. ಅವಳ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಅಳುವಂತಾದರು. ಗೌಡರ ಮುಖ ಬಿಳಿಚಿತು. ಇದೂ ಹೋಯಿತು ಅಂದುಕೊಂಡು ನಾನು ಶೋಕೇಸಿನ ಹಿಂದೆ ಸರಿದೆ.

ಹುಡುಗನ ಅಪ್ಪ ಎದ್ದು ನಿಂತರು. ಹೆಂಡತಿಗೆ, “ನೀ ಬಾರಮ್ಮಿ, ಕೂತ್ಕ ಇಲ್ಲಿ” ಅಂದರು. ಆಯಮ್ಮ ನಾಚಿಕೊಂಡೇ ಕೂತರು. ‘ಪುರ್ರ್’!

“ಕೇಳುಸ್ಕಂಡ್ರಾ ಎಲ್ರೂವೆ? ನಂದಲ್ಲ, ಸೋಫಾದ್ದು!” ಅಂತ ಅವರು ಕೂಗಿದ್ದೇ ತಡ, ಮೊದಲು ಹುಡುಗ ನಕ್ಕ, ಆಮೇಲೆ ಮನೆಗೆ ಮನೆಯೇ ನಕ್ಕಿತು. “ನಗೋ ಹುಡುಗಿ, ನಮ್ಮನೆಗೆ ಬರ್ಲಿ” ಅಂತ ಅತ್ತೆಯಾಗುವವರು ಅಲ್ಲೇ ಹೂ ಮುಡಿಸಿದರು.

ಗೌಡರಿಗೆ ಹಿಡಿಸಲಾರದಷ್ಟು ಸಂತೋಷ. “ಬೀಗರೇ, ಈ ಸೋಫಾನೂ ಮಗಳ ಜೊತೆ ನಿಮ್ಮನೆಗೇ ಕಳುಸ್ತೀನಿ” ಅಂದರು.

ಬೀಗರು ಗಾಬರಿಯಿಂದ ಎರಡೂ ಕೈ ಜೋಡಿಸಿದರು: “ಹುಡುಗೀನ್ ಕಳ್ಸಿ, ಸಾಕು. ಇದು ಬಂದ್ರೆ ನಮ್ಮೂರಲ್ಲಿ ನಾನು ದಿನಾ ಸಾಕ್ಷಿ ಕರೀಬೇಕಾಯ್ತದೆ!”