ಸಾತಲಿಂಗಪ್ಪನ ಜಂಗು

ಡಾಕ್ಟರು ಗುಳಿಗೆ ಬರೆದುಕೊಟ್ಟು ಸುಮ್ಮನಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವರು ಉಪಮೆಯನ್ನೂ ಕೊಟ್ಟರು. "ಸಕ್ಕರಿ ಏರಿದಂಗ ಮೈಯಾಗಿನ ಪ್ರೋಟೀನಿಗೆ ಗೇಟಿಗೆ ಹಿಡದಂಗ ಜಂಗು ಹಿಡೀತದ. ಗುಳಿಗಿ ತಗೋರಿ, ಸಿಹಿ ಬಿಡ್ರಿ, ಕಾಯಿಪಲ್ಯಾ ತಿನ್ರಿ."

ಸೊಲ್ಲಾಪುರದ ಚಾದರದ ವ್ಯಾಪಾರಿ ಸಾತಲಿಂಗಪ್ಪ ಇದರಲ್ಲಿ ತುಕ್ಕಿನ ಮಾತನ್ನಷ್ಟೇ ಮನೆಗೆ ತಂದ. ಸಂಜೆಯೊಳಗೆ ಅದು ಓಣಿ ದಾಟಿತ್ತು.

ಅಕ್ಕಲಕೋಟೆಯಲ್ಲಿ ನಾದಿನಿ ಛಾಯಾಳ ಹೊಸ ಮನೆಯ ವಾಸ್ತುಶಾಂತಿ. ಶೇಂಗಾ ಹೋಳಿಗೆಯ ಊಟ. ಹೆಂಡತಿ ಸಾವಿತ್ರಿಬಾಯಿ ಹಿಂದಿನ ದಿನವೇ ಹೊರಡುವಾಗ ಕರಾರು ಹಾಕಿದ್ದಳು. "ಊಟಕ್ಕ ಮೊದಲ ಬಟ್ಟ ಚುಚ್ಚಿ ನೋಡ್ತೀನಿ. ಶುಗರ್ ಇನ್ನೂರರ ಒಳಗಿದ್ರ ಒಂದ ಹೋಳಿಗಿ. ಇಲ್ಲಾಂದ್ರ ಬರೇ ವಾಸನಿ."

ಮರುದಿನ ಬೆಳಿಗ್ಗೆ ತಾನೇ ಬೆರಳು ಚುಚ್ಚಿಕೊಂಡು ನೋಡಿದ. ನೂರಾ ಹತ್ತು. ಶುಗರ್ ಯಂತ್ರವನ್ನು ಕಿಸೆಗಿಟ್ಟುಕೊಂಡು ಮದುಮಗನ ಗತ್ತಿನಲ್ಲಿ ರೈಲು ಹತ್ತಿದ.

ಹೋಟಗಿಯಲ್ಲಿ ಹಳೆಯ ಗಿರಾಕಿ ಧೂಳಪ್ಪ ಹತ್ತಿದ. ಕುರಿ ಸಾಕುವವನು, ಬೀರೋಬಾನ ಭಕ್ತ. ಬಗಲ ಚೀಲದಲ್ಲಿ ದೇವರ ಭಂಡಾರ, ಅಂದರೆ ಅರಿಸಿನ ಪುಡಿ.

"ಜಂಗ ಹಿಡದದಂತಲ್ರಿ ಸಾವಕಾರ್ರ?"

"ಹೋಟಗಿತನಾ ಮುಟ್ಟೇತೇನೋ ಸುದ್ದಿ?"

"ಜಂಗಿಗಿ ಅರಿಸಿಣಾನ ಔಷಧ ಅಂತ ಮೊಬೈಲ್‌ದಾಗ ಬಂದದ. ನಮ್ಮದಂತೂ ದೇವರದು. ಹಿಡೀರಿ ಮಾರಿ."

"ಜಂಗು ಒಳಗದನೋ ಮಾರಾಯ."

"ಗೇಟಿಗಿ ಬಣ್ಣಾ ಒಳಗ ಕುಡಸ್ತಾರೇನ್ರಿ?"

ಸಾತಲಿಂಗಪ್ಪ ಮುಖ ಒಡ್ಡಿದ. ಭಂಡಾರವನ್ನು ಬೇಡವೆನ್ನುವ, ಹಚ್ಚಿದ್ದನ್ನು ಒರೆಸುವ ಧೈರ್ಯ ಅವನಿಗಿರಲಿಲ್ಲ. ಮುಖ, ಕುತ್ತಿಗೆ, ಮುಂಗೈ ಎಲ್ಲ ಹಳದಿಯಾಯಿತು. ಬೆವರಿಗೆ ಅದು ಗೋಡೆಯ ಎರಡನೇ ಕೋಟಿನಂತೆ ಕೂತಿತು.

ಅಕ್ಕಲಕೋಟೆಯ ಮನೆಯ ಬಾಗಿಲಲ್ಲೇ ಛಾಯಾ ಎದೆ ಹಿಡಿದುಕೊಂಡಳು. "ಅಯ್ಯ ಮಾಮಾ, ನಿಮಗ ಕಾಮಾಲಿ ಆಗ್ಯದಲ್ರಿ." ಗಂಡನನ್ನು ಮೂಲೆಯ ಅಂಗಡಿಗೆ ಓಡಿಸಿದಳು. "ಲಗೂನ ಕಬ್ಬಿನ ಹಾಲು ತರ್ರಿ. ಕಾಮಾಲಿಗೆ ಅದ ಮದ್ದು."

ಭಂಡಾರದ ಸಂಗತಿ ಹೇಳಲೆಂದು ಸಾತಲಿಂಗಪ್ಪ ಬಾಯಿ ತೆರೆದ. ಅಷ್ಟರಲ್ಲಿ ತಂಬಿಗೆ ಬಂತು. ತೆರೆದ ಬಾಯನ್ನು ಆ ಕೆಲಸಕ್ಕೇ ಬಳಸಿಕೊಂಡ. ಎಷ್ಟೋ ದಿನದ ಮೇಲೆ ಸಿಹಿ.

"ಇನ್ನೊಂದ ಗ್ಲಾಸ್ ಹಾಕಲೇನ್ರಿ?"

"ಕಾಮಾಲಿ ಸ್ವಲ್ಪ ಜೋರ ಅದ ಅನಸ್ತದ," ಎಂದ ರೋಗಿ.

ಅಡಿಗೆಮನೆಯಿಂದ ಬಂದ ಸಾವಿತ್ರಿಬಾಯಿ ಒದ್ದೆ ಸೆರಗಿನಿಂದ ಅವನ ಗಲ್ಲ ಒರೆಸಿ ಮೂಸಿದಳು. "ಎಲ್ಲೀ ಕಾಮಾಲಿ? ಇದು ಭಂಡಾರ. ಕೈ ತೊಳಕೊಂಡ ಬರ್ರಿ. ಕರಾರ ಮರತಿಲ್ಲ ನಾ. ಹೋಳಿಗಿ ತಗದಿಟ್ಟೀನಿ."

ಸಾತಲಿಂಗಪ್ಪನಿಗೆ ಆಗ ಕರಾರು ನೆನಪಾಯಿತು. "ಮೊದಲ ಉಣ್ಣೂಣಲ್ಲ, ಆಮ್ಯಾಲೆ..."

"ಬಟ್ಟ ಕೊಡ್ರಿ."

ಮುನ್ನೂರ ಹನ್ನೆರಡು. ಸಾವಿತ್ರಿಬಾಯಿ ಯಂತ್ರವನ್ನು ತಟ್ಟಿ ನೋಡಿದಳು. "ಇದ ಕೆಟ್ಟದೋ ಏನೋ."

"ಮಾಮಾ," ಛಾಯಾ ಅಂಗಳದಿಂದ ಕೂಗಿದಳು, "ಇನ್ನೊಂದ ತಂಬಿಗಿ ಕಬ್ಬಿನ ಹಾಲು ಬಂತ್ರಿ."

ಸಾವಿತ್ರಿಬಾಯಿ ಗಂಡನ ಬಾಯನ್ನೇ ನೋಡಿದಳು. "ಜಂಗಿನ ಮಾತ ಹಿಂದಗಡೆ. ಈ ಗೇಟಿಗಿ ಮೊದಲ ಕೀಲಿ ಹಾಕಬೇಕು."

ತೆಗೆದಿಟ್ಟ ಹೋಳಿಗೆ ತುಪ್ಪದ ಸಮೇತ ಛಾಯಾಳ ಗಂಡನ ತಾಟಿಗೆ ಹೋಯಿತು. ಸಾತಲಿಂಗಪ್ಪ ಜೋಳದ ಭಕ್ಕರಿ ಮುರಿಯುತ್ತ, ಯಾರೂ ನೋಡದಾಗ, ಮೀಸೆಯಂಚನ್ನು ಒಮ್ಮೆ ನೆಕ್ಕಿಕೊಂಡ. ಇನ್ನೂ ಸಿಹಿ ಇತ್ತು.